‘ಮತ್ತೆ ಕೇಳಬೇಡ’ ಒತ್ತಿ 11 ದಿನದ ಕೋಡ್ ಕಳೆದುಕೊಂಡೆ

ಕೋಡ್ ಬರೆಯಲು ಎಐ ಟೂಲ್ ಬಳಸುವವರು ಇದನ್ನೊಮ್ಮೆ ಓದಿ. ಟೂಲಿನ ಹೆಸರು ಬೇಡ. ಟರ್ಮಿನಲ್ (ಕಮಾಂಡ್ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಕಿಟಕಿ) ಕೈಗೆ ಕೊಟ್ಟರೆ ಯಾವ ಟೂಲಾದರೂ ಹೀಗೆ ಮಾಡಬಹುದು.

11 ದಿನದಿಂದ ನಾನು ಕಮಿಟ್ ಮಾಡಿರಲಿಲ್ಲ, ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಉಳಿಸಿರಲಿಲ್ಲ. ಪೂರ್ತಿ ಆಗ್ಲಿ, ಒಂದೇ ಸಲ ನೀಟಾಗಿ ಮಾಡೋಣ ಅನ್ನೋ ಸೋಮಾರಿತನ. ಟೂಲ್ ಪ್ರತಿ ಕಮಾಂಡಿಗೂ ಅನುಮತಿ ಕೇಳುತ್ತಿತ್ತು. ಹೂಂ ಹೂಂ ಅಂದು ಸಾಕಾಗಿ ‘ಮತ್ತೆ ಕೇಳಬೇಡ’ ಒತ್ತಿದೆ. ಆಮೇಲೆ ಒಂದು ಟೆಸ್ಟ್ ಕೆಟ್ಟಿತು. “ನೀನು ಮಾಡಿದ್ದನ್ನು ತೆಗೆದು ಮೊದಲಿನ ಹಾಗೆ ಮಾಡು” ಅಂತ ಬರೆದು ಫೋನ್ ಹಿಡಿದುಕೊಂಡು ಕೂತೆ.

ಅದರ ಲೆಕ್ಕದಲ್ಲಿ ‘ಮೊದಲಿನ ಹಾಗೆ’ ಅಂದರೆ ಕೊನೆಯ ಕಮಿಟ್. ಕಮಿಟ್ ಆಗದ ಬದಲಾವಣೆಗಳನ್ನು ಅಳಿಸುವ ಗಿಟ್ ರೀಸೆಟ್ ಹಾರ್ಡ್ ಓಡಿಸಿತು. ಹಿಂದೆಯೇ ಗಿಟ್ ಲೆಕ್ಕಕ್ಕೆ ಸೇರದ ಫೈಲುಗಳನ್ನು ಅಳಿಸುವ ಗಿಟ್ ಕ್ಲೀನ್, ಅದೂ ಎಫ್ ಡಿ ಎಕ್ಸ್ ಸೇರಿಸಿ. ಆ ಎಕ್ಸ್ ಇದೆಯಲ್ಲ, ಅದು ಗಿಟ್ ಗಮನಿಸಬಾರದು ಅಂತ ಗಿಟ್‌ಇಗ್ನೋರ್‌ನಲ್ಲಿ ಹಾಕಿದ ಫೈಲುಗಳನ್ನೂ ಬಿಡುವುದಿಲ್ಲ. ಪಾಸ್‌ವರ್ಡಿನಂಥ ಗುಟ್ಟಿನ ಕೀಗಳಿದ್ದ ಡಾಟ್ ಇಎನ್‌ವಿ ಫೈಲೂ ಹೋಯಿತು. ಕೊನೆಗೆ “ಎಲ್ಲಾ ಸರಿಯಾಗಿದೆ” ಅಂತ ಹಸಿರು ಟಿಕ್ ಬೇರೆ!

ರಿಫ್ಲಾಗ್ (ಗಿಟ್ ಇಡುವ ಹಳೇ ಕಮಿಟ್‌ಗಳ ಪಟ್ಟಿ) ನೋಡು ಅಂತ ಎಲ್ಲರೂ ಹೇಳಿದರು. ಅದರಲ್ಲಿ ಇರುವುದು ಕಮಿಟ್ ಆದದ್ದು ಮಾತ್ರ. ನನ್ನದು ಆಗಿರಲೇ ಇಲ್ಲ. ಎಸ್‌ಎಸ್‌ಡಿಯಿಂದ ಡಿಲೀಟ್ ಆದ ಫೈಲ್ ವಾಪಸ್ ತರುವ ಸಾಫ್ಟ್‌ವೇರ್ ಹಾಕಿ ನೋಡಿದೆ, ಏನೂ ಸಿಗಲಿಲ್ಲ. ಉಪಯೋಗಕ್ಕೆ ಬಂದದ್ದು ಎರಡೇ.

ನಡುವೆ ಯಾವತ್ತೋ ಕೆಲವು ಫೈಲುಗಳಿಗೆ ಗಿಟ್ ಆಡ್ (ಕಮಿಟ್‌ಗೆ ಮುಂಚಿನ ಹೆಜ್ಜೆ) ಮಾಡಿದ್ದೆ. ಆಡ್ ಮಾಡಿದ ಕೂಡಲೇ ಗಿಟ್ ಅದರ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಗಿಟ್‌ನ ಸಂಗ್ರಹ ಪರೀಕ್ಷಿಸುವ ಗಿಟ್ ಎಫ್‌ಎಸ್‌ಸಿಕೆ ಕಮಾಂಡಿನ ಜೊತೆ ಲಾಸ್ಟ್ ಫೌಂಡ್ ಆಪ್ಷನ್ ಕೊಟ್ಟಾಗ ಅವು ಬಂದವು. ಒಂದಕ್ಕೂ ಹೆಸರಿಲ್ಲ, ಬರೀ 40 ಅಕ್ಷರದ ಸಾಲು. ಒಂದೊಂದೇ ತೆರೆದು, ಇದು ಲಾಗಿನ್ ಫೈಲಾ, ಅದರ ಹಳೇ ರೂಪವಾ ಅಂತ ಗುರುತು ಹಿಡಿಯುತ್ತಾ ಕೂತೆ. ನಿಮಗೂ ಹೀಗಾದರೆ ತಡ ಮಾಡಬೇಡಿ. ಇಂಥ ಅನಾಥ ಪ್ರತಿಗಳನ್ನು ಗಿಟ್ ಸಾಮಾನ್ಯವಾಗಿ ಎರಡು ವಾರ ದಾಟಿದ ಮೇಲೆ ಗುಡಿಸಿಹಾಕುತ್ತದೆ.

ಇನ್ನೊಂದು, ಎಡಿಟರಿನ ಲೋಕಲ್ ಹಿಸ್ಟರಿ, ಅಂದರೆ ಕೋಡ್ ಬರೆಯುವ ಎಡಿಟರ್ ತಾನೇ ಇಟ್ಟುಕೊಳ್ಳುವ ಹಳೇ ಪ್ರತಿಗಳು. ವಿಎಸ್ ಕೋಡ್‌ನಲ್ಲಿ 2022ರಿಂದ ಇದೆ. ನಾನು ಸೇವ್ ಮಾಡಿದ ಫೈಲುಗಳು ಅಲ್ಲಿದ್ದವು. ಟೂಲ್ ನೇರ ಡಿಸ್ಕಿಗೆ ಬರೆದದ್ದು ಇರಲಿಲ್ಲ.

ಈಗ ಟೂಲಿಗೆ ಕೆಲಸ ಕೊಡುವ ಮೊದಲು ಕಮಿಟ್ ಮಾಡುತ್ತೇನೆ. ‘ಅರ್ಧಂಬರ್ಧ’ ಅಂತ ಹೆಸರಿದ್ದರೂ ನಡೆಯುತ್ತೆ, ಆಮೇಲೆ ಸೇರಿಸಿಕೊಳ್ಳಬಹುದು. ಸಂಜೆ ಬೇರೆ ಸರ್ವರಿಗೆ ಪುಶ್, ಅಂದರೆ ಕಮಿಟ್‌ಗಳ ಪ್ರತಿ ಕಳಿಸುವುದು. ಗಿಟ್ ಫೋಲ್ಡರೇ ಡಿಲೀಟ್ ಆದರೆ ಒಳಗಿನ ಕಮಿಟ್‌ಗಳೂ ಅದರ ಜೊತೆಗೇ ಹೋಗುತ್ತವೆ, ಅಲ್ವಾ? ಕ್ಲೌಡ್‌ಗೆ ಸಿಂಕ್ ಆಗುತ್ತೆ ಅಂತ ನಂಬಿಕೊಂಡು ಕೂರಬೇಡಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸುತ್ತದೆ. ರೀಸೆಟ್, ಕ್ಲೀನ್, ಫೋರ್ಸ್ ಪುಶ್ (ಸರ್ವರಿನಲ್ಲಿದ್ದದ್ದರ ಮೇಲೇ ಬರೆಯುವುದು), ಆರ್‌ಎಂ (ಫೈಲ್ ಅಳಿಸುವುದು) ಈ ನಾಲ್ಕಕ್ಕೆ ಅನುಮತಿ ಕೇಳಲೇಬೇಕು ಅಂತ ಟೂಲಿನ ಸೆಟ್ಟಿಂಗಿನಲ್ಲಿ ಹಾಕಿದ್ದೇನೆ.

ಇನ್ನೂ ಎರಡು ಫೈಲ್ ನೆನಪಿನಿಂದ ಬರೆಯುವುದು ಬಾಕಿ ಇದೆ. ಅದರಲ್ಲೊಂದು ಮೊದಲ ಸಲ ಹೇಗೆ ಸರಿಹೋಯಿತು ಅನ್ನೋದೇ ನೆನಪಾಗುತ್ತಿಲ್ಲ.