ಕೈ, ಕೈಪಂಪ್, ಕರೆಂಟ್ ಪಂಪ್: ಎನ್‌ಐಸಿಯು ಮಗುವಿಗೆ ಹಾಲು ತೆಗೆದ ನನ್ನ ಲೆಕ್ಕ

ನನ್ನ ಮಗಳು 30 ವಾರಕ್ಕೇ ಹುಟ್ಟಿದ್ದು, ತೂಕ 1 ಕಿಲೋ 240 ಗ್ರಾಂ. ಅವ್ಳು ಮಂಗಳೂರಲ್ಲಿ ಎನ್‌ಐಸಿಯು (ಆಗಷ್ಟೇ ಹುಟ್ಟಿದ ಮಕ್ಳ ಐಸಿಯು) ಒಳಗೆ, ನಾನು ಡಿಸ್ಚಾರ್ಜ್ ಆಗಿ ಕಾಪುವಲ್ಲಿ ಅಮ್ಮನ ಮನೇಲಿ. 38 ದಿನ ಹಾಲು ತೆಗ್ದು ತೆಗ್ದು ಕಳಿಸಿದ್ದು. ಈಗ ತಂಗಿಯ ಫ್ರೆಂಡ್ ಒಬ್ಳು ಇದೇ ಅವಸ್ಥೆಲಿ ಇದ್ದಾಳೆ, "ಅಕ್ಕ ಯಾವ ಪಂಪ್ ತಗೊಳ್ಳುದು" ಅಂತ ಕೇಳಿದ್ಲು, ಅವ್ಳಿಗೆ ಎರಡು ಸಾಲು ಬರೀಲಿಕ್ಕೆ ಕೂತದ್ದು ಇಷ್ಟುದ್ದ ಆಯ್ತು.

ಮೊದಲ ಎರಡು ಮೂರು ದಿನ ಪಂಪೇ ಬೇಡ, ಕೈಯೇ ಬೆಸ್ಟ್. ಗಿಣ್ಣು ಹಾಲು ಅಂಟಂಟು, ಹನಿ ಹನಿ ಬರುದು, ಪಂಪ್ ಹಾಕಿದ್ರೆ ಆ ನಾಲ್ಕು ಹನಿ ಎದೆಗೆ ಹಿಡಿಯುವ ಕಪ್ಪಿಗೇ ಅಂಟಿಕೊಂಡು ಬಾಟ್ಲಿಗೆ ಬೀಳುದೇ ಇಲ್ಲ. ತೊಟ್ಟಿನ ಸುತ್ತ ಇರುವ ಕಪ್ಪು ಬಣ್ಣದ ಭಾಗದ ಅಂಚಿಂದ ಸ್ವಲ್ಪ ಹಿಂದೆ ಹೆಬ್ಬೆರಳು ತೋರುಬೆರಳು ಇಟ್ಟು, ಮೊದ್ಲು ಪಕ್ಕೆಲುಬಿನ ಕಡೆ ಒತ್ತಿ ಆಮೇಲೆ ಬೆರಳು ಹತ್ರ ತರುದು, ತೊಟ್ಟು ಹಿಡ್ದು ಎಳೆಯುದಲ್ಲ ಅಂತ ಒಬ್ರು ಸಿಸ್ಟರ್ ಹೇಳಿಕೊಟ್ರು. ಮೊದಲ ಸಲ ಬಂದದ್ದು ಅರ್ಧ ಎಂಎಲ್, ನಂಗೆ ಅಳುವೇ ಬಂತು. ಅವ್ರು ಅದನ್ನೇ ಸಿರಿಂಜಿಗೆ ಎಳ್ದು ಮಗುವಿನ ಕೆನ್ನೆ ಒಳಗೆ ಸವರಿ "ಇದೇ ಮದ್ದು ಮಾರಾಯ್ತಿ, ಅಳುದೆಂತಕ್ಕೆ" ಅಂದ್ರು. ಅವ್ಳ ಫೀಡೇ ಆಗ 1 ಎಂಎಲ್. ಇಷ್ಟು ಸಣ್ಣ ಮಕ್ಳಿಗೆ ಎನ್‌ಇಸಿ ಅಂತ ಕರುಳಿನ ಕಾಯಿಲೆಯ ಹೆದರಿಕೆ ಉಂಟು, ಡಬ್ಬಿ ಹಾಲಿಗಿಂತ ತಾಯಿ ಹಾಲಲ್ಲಿ ಅದು ಕಡಿಮೆ, ಡಾಕ್ಟ್ರು ಹಟ ಹಿಡಿಯುದು ಅದಕ್ಕೇ. ಆದ್ರೆ ಐದನೇ ದಿನಕ್ಕೆ ನನ್ನ ಮಣಿಗಂಟು ಮಾತ್ರ ಢಮಾರ್.

ಆಗ ಗಂಡ ಮೆಡಿಕಲ್‌ನಿಂದ ಹಿಡಿ ಒತ್ತುವ ಕೈಪಂಪ್ ತಂದ್ರು. ಕೆಟ್ಟದ್ದಲ್ಲ, ಗಾಳಿಮಳೆಗೆ ಕಾಪುವಲ್ಲಿ ಕರೆಂಟ್ ಹೋದ ರಾತ್ರಿ ಅದೇ ಮರ್ಯಾದೆ ಉಳಿಸಿದ್ದು. ಆದ್ರೆ ಲೆಕ್ಕ ಹಾಕಿ ನೋಡಿ, ಒಂದೊಂದು ಕಡೆ 20 ನಿಮಿಷ, ದಿನಕ್ಕೆ 8 ಸಲ, ಅಲ್ಲಿಗೆ ಐದು ಗಂಟೆ ಮೇಲೆ ಆಯ್ತು! ತೊಳೆಯುದು ಕುದಿಸುದು ಬೇರೆ. (ದೊಡ್ಡಮ್ಮ ಹಳೇ ಕಾಲದ ರಬ್ಬರ್ ಬುರುಡೆ ಪಂಪ್ ಒಂದು ತಂದಿದ್ರು, ಅದು ಬೇಡವೇ ಬೇಡ, ಬುರುಡೆ ಒಳಗೆ ಹೋದ ಹಾಲು ತೊಳೀಲಿಕ್ಕೇ ಆಗುದಿಲ್ಲ.)

ಆಮೇಲೆ ಆನ್‌ಲೈನಲ್ಲಿ ತರಿಸಿದ ಒಂದೇ ಕಪ್ಪಿನ ಚಾರ್ಜಿಂಗ್ ಪಂಪ್. ಮೊದಲ ವಾರ ಜೀವ ಹೋಗುವಷ್ಟು ನೋವು, ತೊಟ್ಟು ಒಡ್ದು ರಕ್ತ. ನಾನು ಮಿಷಿನಿಗೇ ಬೈದೆ. ನೋಡಿದ್ರೆ ತಪ್ಪು ಕಪ್ಪಿನ ಅಳತೆದು, ಜೊತೆಗೆ ಬಂದದ್ದು 24 ಎಂಎಂ, ನಂಗೆ ಸರಿ ಆದದ್ದು 21. ಬದಲಿಸಿದ ಮೇಲೆ ನೋವೂ ಹೋಯ್ತು ಹಾಲೂ ಜಾಸ್ತಿ ಬಂತು. ಇದನ್ನ ಅಂಗಡಿಯವ್ರು ಯಾಕೆ ಮೊದ್ಲೇ ಹೇಳುದಿಲ್ವೋ ದೇವರಿಗೇ ಗೊತ್ತು.

ಆಸ್ಪತ್ರೆಯ ಡಬಲ್ ಪಂಪ್ ಮುಂದೆ ಇವೆಲ್ಲ ಆಟದ ಸಾಮಾನು. ಮಿಷಿನ್ ಎಲ್ಲರಿಗೂ ಒಂದೇ, ಕಪ್ಪು ಪೈಪು ಅವರವರದ್ದೇ. ಎರಡೂ ಕಡೆ ಒಟ್ಟಿಗೆ, 15 ನಿಮಿಷಕ್ಕೆ ಮುಗೀತು, ದಿನಕ್ಕೆ ಎಂಟು ಸಲ ಮಾಡಿದ್ರೂ ಎರಡೇ ಗಂಟೆ. ಹತ್ತನೇ ದಿನಕ್ಕೆ ಒಂದು ಸಲಕ್ಕೆ 70 ಎಂಎಲ್. ಅದ್ರಲ್ಲೂ ಮಗುವನ್ನ ಕಾಂಗರೂ ಥರ ಎದೆ ಮೇಲೆ ಮಲಗಿಸಿಕೊಂಡು ಎದ್ದ ಕೂಡ್ಲೆ ಹಾಕಿದ್ರೆ ಇನ್ನೂ ಜಾಸ್ತಿ, ಕೊನೆಗೆ ಎರಡು ನಿಮಿಷ ಕೈಯಿಂದ ಹಿಂಡಿದ್ರೆ ಮತ್ತೂ ಸ್ವಲ್ಪ. ನಾವು ಕಡೆಗೆ ಅಂಥದ್ದೇ ಒಂದನ್ನ ತಿಂಗಳ ಬಾಡಿಗೆಗೆ ಮನೆಗೆ ತಂದದ್ದು, ನಾಲ್ಕು ದಿನ ಮೊದ್ಲೇ ತರ್ಬೇಕಿತ್ತು. ಯಾವ ಪಂಪ್ ಆದ್ರೂ ರಾತ್ರಿ ಎರಡು ಮೂರು ಗಂಟೆದ್ದು ತಪ್ಪಿಸ್ಬಾರ್ದು ಆಯ್ತಾ, ಹಾಲಿನ ಹಾರ್ಮೋನ್ ಜಾಸ್ತಿ ಇರುದೇ ಆಗ. ನಾನು ಮೂರು ರಾತ್ರಿ ನಿದ್ದೆ ಮಾಡಿದ್ದಕ್ಕೆ ಹಾಲು ಸೀದಾ ಇಳ್ದಿತ್ತು. ಆಗ ಎರಡು ದಿನ ಮಗುವಿಗೆ ದಾನಿಗಳ ಹಾಲು ಕೊಟ್ರು, ಅದನ್ನ 62.5 ಡಿಗ್ರಿಲಿ 30 ನಿಮಿಷ ಬಿಸಿ ಮಾಡಿಯೇ ಕೊಡುದು. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಲೂ ಎದೆಹಾಲಿನ ಬ್ಯಾಂಕ್ ಉಂಟು, ಬೇಕಾದವ್ರು ಡಾಕ್ಟ್ರ ಹತ್ರ ಕೇಳಿ.

ಮನೆಯವ್ರ ಸಹಾಯದಲ್ಲೂ ಫಸ್ಟ್ ಪ್ರೈಜ್ ಗಂಡನಿಗೇ, ರಾತ್ರಿ ಪಾರ್ಟ್ಸ್ ತೊಳ್ದು ಕುದಿಸಿದ್ದು ಅವ್ರೇ. ಅಮ್ಮನ ಮೆಂತೆ ಗಂಜಿಯಿಂದ ಹಾಲು ಬಂತೋ ಇಲ್ವೋ, ಹೊಟ್ಟೆಯಂತೂ ತುಂಬಿತು. ಅತ್ತೆ ದಿನಾ ಫೋನ್ ಮಾಡಿ "ಇವತ್ತು ಎಷ್ಟು ಬಂತು" ಅಂತ ಕೇಳ್ತಿದ್ರು ನೋಡಿ, ಅದೊಂದು ಯಾರೂ ಕೇಳ್ಬೇಡಿ ದಮ್ಮಯ್ಯ.

ಹಾಲು ಬಸ್ಸಲ್ಲಿ ಹೋಗ್ತಿದ್ದದ್ದು ಥರ್ಮಕೋಲ್ ಬಾಕ್ಸಲ್ಲಿ, ಜೆಲ್ ಪ್ಯಾಕ್ ಇಟ್ಟು, ಬಾಟ್ಲಿ ಮೇಲೆ ಹೆಸ್ರು ತಾರೀಕು ಟೈಮ್ ಬರ್ದು. ಕಂಡಕ್ಟರ್ ಒಂದಿನ ಬಾಕ್ಸ್ ತಗೊಂಡು ಹೋದವ್ರ ಹತ್ರ "ಎಂತ ಮೀನು ಅಣ್ಣ, ಬಂಗುಡೆಯಾ" ಅಂತ ಕೇಳಿದ್ನಂತೆ. ಫ್ರಿಜ್ಜಲ್ಲಿ ಎಷ್ಟು ಹೊತ್ತು ಇಡ್ಬಹುದು ಅಂತ ನಿಮ್ಮ ಎನ್‌ಐಸಿಯುನವ್ರನ್ನೇ ಕೇಳಿ, ನಮ್ಮವ್ರು 24 ಗಂಟೆ ದಾಟಿದ್ದು ತಗೊಳ್ತಿರ್ಲಿಲ್ಲ.

ತಂಗಿಯ ಫ್ರೆಂಡ್ ಆ ಹುಡುಗಿ ನನ್ನ ಚಾರ್ಜಿಂಗ್ ಪಂಪ್ ಕೇಳಿದ್ಲು, ಕೊಡ್ಲಿಲ್ಲ, ಅಂಥದ್ದು ಒಬ್ರು ಬಳಸಿದ್ದು ಇನ್ನೊಬ್ರಿಗೆ ಆಗುದಿಲ್ಲ, ಮೋಟರ್ ಒಳಗೆ ಹಾಲು ಹೋಗಿರ್ಬಹುದು. ಥರ್ಮಕೋಲ್ ಬಾಕ್ಸ್ ಮಾತ್ರ ನಾಳೆ ಬಂದು ತಗೊಂಡು ಹೋಗ್ತಾಳೆ.