ಪೆನ್ಸಿಲ್ ಚಿತ್ರಕ್ಕೆ ಕಾಗದ: ತೂಕಕ್ಕಿಂತ ಮೊದಲು ಮೈ ನೋಡಿ

ಪೆನ್ಸಿಲ್ ಚಿತ್ರ ಮಂಕಾಗಿ ಕಂಡಾಗ ಹೆಚ್ಚಿನವರು ಮೊದಲು ಬದಲಾಯಿಸುವುದು ಪೆನ್ಸಿಲನ್ನು. 4ಬಿ ಸಾಲದೆಂದು 6ಬಿ, ಅದೂ ಸಾಲದೆಂದು 8ಬಿ (ಬಿಯ ಜೊತೆಗಿನ ಅಂಕಿ ಹೆಚ್ಚಿದಷ್ಟೂ ಪೆನ್ಸಿಲ್ ಮೆತ್ತಗೆ, ಗೆರೆ ಕಪ್ಪು). ಅಷ್ಟಾದರೂ ಕೂದಲಿನ ಕಪ್ಪು ಬೂದುಬಣ್ಣದಲ್ಲೇ ನಿಂತುಬಿಡುತ್ತದೆ, ಕೆನ್ನೆಯ ಶೇಡಿಂಗ್ ನಡುವೆ ಬಿಳಿ ಚುಕ್ಕೆಗಳು ಉಳಿಯುತ್ತವೆ, ಅಳಿಸಿದ ಜಾಗ ಕಲೆಯಾಗಿ ಎದ್ದು ಕಾಣುತ್ತದೆ. ಈ ಮೂರು ತೊಂದರೆಗಳ ಬೇರು ಬಹುಮಟ್ಟಿಗೆ ಕೆಳಗಿರುವ ಕಾಗದದಲ್ಲೇ ಇರುತ್ತದೆ. ಹಾಗಾಗಿ ಪೆನ್ಸಿಲ್ ಕೆಲಸಕ್ಕೆ ಹೆಚ್ಚು ಬಳಕೆಯಾಗುವ ಕೆಲವು ಕಾಗದಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದೆ.

ಮೊದಲು ಕಾಗದದ ಮೇಲೆ ನಡೆಯುವುದೇನು ಎಂದು ತಿಳಿದಿರಬೇಕು. ಗ್ರಾಫೈಟ್ ಎಂದರೆ ಪದರ ಪದರವಾಗಿರುವ ಇಂಗಾಲ. ಪೆನ್ಸಿಲ್ ಎಳೆದಾಗ ಕಾಗದದ ನಾರುಗಳು ಅದನ್ನು ಕೆರೆದು ಪುಡಿ ಮಾಡುತ್ತವೆ, ಆ ಪುಡಿ ನಾರುಗಳ ನಡುವಿನ ತಗ್ಗುಗಳಲ್ಲಿ ಕೂರುತ್ತದೆ. ಈ ಉಬ್ಬುತಗ್ಗನ್ನೇ ತರಿ ಎನ್ನೋಣ. ತರಿ ತೀರಾ ಕಡಿಮೆಯಾದರೆ ಎರಡು ಮೂರು ಪದರಕ್ಕೆ ತಗ್ಗುಗಳೆಲ್ಲ ತುಂಬಿಹೋಗುತ್ತವೆ. ನಾಲ್ಕನೆಯ ಸಲ ಪೆನ್ಸಿಲ್ ಹಿಡಿಯದೆ ಜಾರುತ್ತದೆ. ಒತ್ತಿದರೆ ಗ್ರಾಫೈಟ್ ಚಕ್ಕೆಗಳು ಒಂದೇ ದಿಕ್ಕಿಗೆ ಮಲಗಿ ಕನ್ನಡಿಯಂತೆ ಬೆಳಕು ಹೊಡೆಯುತ್ತವೆ. ಕಪ್ಪಾಗಬೇಕಾದ ಜಾಗ ಬೆಳ್ಳಿಯಂತೆ ಮಿಂಚುತ್ತದೆ. ತರಿ ತೀರಾ ಹೆಚ್ಚಾದರೆ ಪೆನ್ಸಿಲಿನ ಮೊನೆ ಉಬ್ಬುಗಳನ್ನಷ್ಟೇ ಮುಟ್ಟಿ ದಾಟಿಹೋಗುತ್ತದೆ, ತಗ್ಗುಗಳು ಬಿಳಿಯಾಗಿಯೇ ಉಳಿಯುತ್ತವೆ. ಮನುಷ್ಯರ ಚರ್ಮ, ಗಾಜು, ಲೋಹ ಬರೆಯುವವರನ್ನು ಕಾಡುವ ಬಿಳಿ ಚುಕ್ಕೆಗಳು ಇವೇ.

ಆದರೆ ಅಂಗಡಿಯಲ್ಲಿ ಎಲ್ಲರೂ ಕೇಳುವುದು ತರಿಯನ್ನಲ್ಲ, ಜಿಎಸ್‌ಎಂ ಎಷ್ಟು ಎಂದು. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಅದರ ಅರ್ಥ. ನುಣುಪಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಣ ಪೆನ್ಸಿಲ್ ಕೆಲಸಕ್ಕೆ 120ರಿಂದ 200 ಜಿಎಸ್‌ಎಂ ಧಾರಾಳ ಸಾಕು. 300 ಬೇಕಾಗುವುದು ಗ್ರಾಫೈಟಿನ ಮೇಲೆ ನೀರು ಹಾಯಿಸುವವರಿಗೆ, ಇಲ್ಲವೇ ಒಂದೇ ಚಿತ್ರದ ಮೇಲೆ ವಾರಗಟ್ಟಲೆ ಉಜ್ಜಿ ಅಳಿಸಿ ಕೆಲಸ ಮಾಡುವವರಿಗೆ. ಪೌಂಡ್ ಲೆಕ್ಕವನ್ನಂತೂ ನಂಬಲೇಬೇಡಿ. 90 ಪೌಂಡಿನ ಜಲವರ್ಣ ಕಾಗದ ಸುಮಾರು 190 ಜಿಎಸ್‌ಎಂ ಇದ್ದರೆ, 90 ಪೌಂಡಿನ ಸ್ಟೋನ್‌ಹೆಂಜ್ ಎಂಬ ಹತ್ತಿ ಕಾಗದ 250 ಜಿಎಸ್‌ಎಂ. ಪೌಂಡನ್ನು ಎಣಿಸುವ ಮೂಲ ಹಾಳೆಯ ಅಳತೆ ಒಂದೊಂದು ಬಗೆಯ ಕಾಗದಕ್ಕೆ ಒಂದೊಂದು, ಅದಕ್ಕೇ ಈ ಗೊಂದಲ. ಅನುಮಾನವಿದ್ದರೆ ಮನೆಯಲ್ಲೇ ತೂಗಿ ನೋಡಬಹುದು: ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹತ್ತು ಹಾಳೆ 100 ಗ್ರಾಂ ತೂಗಿದರೆ ಅದು 160 ಜಿಎಸ್‌ಎಂ ಕಾಗದ.

ಈಗ ಕಾಗದಗಳ ವಿಷಯ.

ಸ್ಟ್ರಾತ್‌ಮೋರ್ ಕಂಪನಿಯ 400 ಡ್ರಾಯಿಂಗ್ 130 ಜಿಎಸ್‌ಎಂ, ಮಧ್ಯಮ ತರಿ, ಸ್ವಲ್ಪ ಕೆನೆಬಣ್ಣ. ಕಲಿಯುವವರಿಗೆ ಇದಕ್ಕಿಂತ ಪ್ರಾಮಾಣಿಕ ಕಾಗದ ಸಿಗುವುದು ಕಷ್ಟ. ಗಟ್ಟಿಯಾದ 2ಎಚ್‌ನಿಂದ ಮೆತ್ತಗಿನ 6ಬಿ ವರೆಗೆ ಎಲ್ಲವನ್ನೂ ಹಿಡಿಯುತ್ತದೆ, ಗೆರೆಗೆ ಜೀವ ಕೊಡುತ್ತದೆ, ನಾಲ್ಕೈದು ಪದರ ತಾಳಿಕೊಳ್ಳುತ್ತದೆ. ಇದರ ಮಿತಿ ಗೊತ್ತಾಗುವುದು ಅಳಿಸುವಾಗ. ಪ್ಲಾಸ್ಟಿಕ್ ರಬ್ಬರಿನಿಂದ ಒಂದೇ ಜಾಗವನ್ನು ಮೂರು ನಾಲ್ಕು ಸಲ ಗಟ್ಟಿಯಾಗಿ ಉಜ್ಜಿದರೆ ಮೈ ಜೂಲಾಗುತ್ತದೆ. ನಯವಾದ ಭಾವಚಿತ್ರಕ್ಕೆ ತರಿ ಕೊಂಚ ಹೆಚ್ಚೇ. ಮರ, ಬಂಡೆ, ಹಳೆಯ ಗೋಡೆ, ಬಟ್ಟೆಯ ಮಡಿಕೆ ಬರೆಯುವವರಿಗೆ ಅದೇ ತರಿ ಅರ್ಧ ಕೆಲಸ ಮಾಡಿಕೊಡುತ್ತದೆ.

ಬ್ರಿಸ್ಟಲ್ ಎಂಬ ದಪ್ಪ ಕಾಗದ ಕೊಳ್ಳುವಾಗ ಜನ ಹೆಚ್ಚು ಎಡವುತ್ತಾರೆ, ಏಕೆಂದರೆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ. ಸ್ಟ್ರಾತ್‌ಮೋರ್ 300 ಬ್ರಿಸ್ಟಲ್ 270 ಜಿಎಸ್‌ಎಂ. ಅದರಲ್ಲಿ ಸ್ಮೂತ್ ಒಂದು, ವೆಲ್ಲಮ್ ಇನ್ನೊಂದು. ಸ್ಮೂತ್ ಬ್ರಿಸ್ಟಲ್‌ನ ಮೇಲೆ ಚೂಪಾದ ಎಚ್‌ಬಿಯ ಗೆರೆ ಕೂದಲೆಳೆಯಷ್ಟು ಸಣ್ಣದಾಗಿ, ಅಂಚು ಒಡೆಯದೆ ಬರುತ್ತದೆ. ಕಟ್ಟಡದ ವಿವರ, ಸಸ್ಯಚಿತ್ರ, ಯಂತ್ರದ ಭಾಗ, ಶಾಯಿ ಕೆಲಸ ಇವಕ್ಕೆಲ್ಲ ಅದು ಸರಿ. ಗಾಢ ಕಪ್ಪಿಗೆ ಮಾತ್ರ ಅಲ್ಲ. 4ಬಿಯ ಎರಡನೆಯ ಪದರಕ್ಕೇ ಮೈ ತುಂಬಿ ಮಿನುಗತೊಡಗುತ್ತದೆ. ಬೆರಳಿನ ಜಿಡ್ಡು ತಾಗಿದ ಜಾಗವನ್ನು ಬಿಳಿ ಹಾಳೆಯಲ್ಲಿ ಯಾರೂ ಗುರುತಿಸಲಾರರು. ಅದರ ಮೇಲೆ ಗ್ರಾಫೈಟ್ ಬಿದ್ದ ಕ್ಷಣ ಗಾಢ ಮಚ್ಚೆಯಾಗಿ ಎದ್ದು ಬರುತ್ತದೆ, ರಬ್ಬರಿಗೂ ಬಗ್ಗುವುದಿಲ್ಲ. ಅಂಗೈಯ ಕೆಳಗೆ ಸದಾ ಒಂದು ಚೊಕ್ಕ ಹಾಳೆ ಇರಲಿ, ಅದನ್ನು ಎಳೆಯಬೇಡಿ, ಎತ್ತಿ ಇಡಿ.

ವೆಲ್ಲಮ್ ಬ್ರಿಸ್ಟಲ್ ಬೇರೆಯೇ ಜಾತಿ. ಕಣ್ಣಿಗೆ ಬಹುತೇಕ ನುಣುಪು, ಬೆರಳಿಗೆ ಮಾತ್ರ ತೆಳುವಾದ ತರಿ ತಿಳಿಯುತ್ತದೆ. ಚರ್ಮದ ನಯವೂ ಬೇಕು, ಕಣ್ಣಗುಡ್ಡೆಯ ಕಪ್ಪೂ ಬೇಕು ಎನ್ನುವವರಿಗೆ ಈ ಪಟ್ಟಿಯಲ್ಲಿ ನನ್ನ ಮೊದಲ ಆಯ್ಕೆ ಇದೇ. ದಪ್ಪ ಇರುವುದರಿಂದ ಬೋರ್ಡಿಗೆ ಅಂಟಿಸದೆಯೂ ಸಪಾಟಾಗಿ ನಿಲ್ಲುತ್ತದೆ. ಇದೇ ಕಂಪನಿಯ 500 ಶ್ರೇಣಿ ಪೂರ್ತಿ ಹತ್ತಿಯದು. ಅಳಿಸುವುದನ್ನು ಇನ್ನೂ ಚೆನ್ನಾಗಿ ತಾಳುತ್ತದೆ, ಆದರೆ ಅಭ್ಯಾಸಕ್ಕೆ ಅದನ್ನು ಖರ್ಚು ಮಾಡುವ ಅಗತ್ಯವಿಲ್ಲ.

ಸ್ಟೋನ್‌ಹೆಂಜ್ ಪೂರ್ತಿ ಹತ್ತಿ ನಾರಿನ 250 ಜಿಎಸ್‌ಎಂ ಕಾಗದ. ಮೂಲತಃ ಮುದ್ರಣ ಕಲೆಗೆಂದು ತಯಾರಾದದ್ದು, ಈಗ ಬಣ್ಣದ ಪೆನ್ಸಿಲಿನವರ ಅಚ್ಚುಮೆಚ್ಚು. ಮೈ ಮೆತ್ತಗೆ. ಆ ಮೆತ್ತಗಿನಿಂದಲೇ ಪದರದ ಮೇಲೆ ಪದರ ಹೀರಿಕೊಂಡು ಆಳವಾದ, ಮಖಮಲ್ಲಿನಂಥ ಕಪ್ಪು ಬರುತ್ತದೆ. ಅದೇ ಮೆತ್ತಗಿನಿಂದಲೇ ತೊಂದರೆಯೂ: 4ಎಚ್ ಪೆನ್ಸಿಲಿನಿಂದ ಒತ್ತಿ ಸ್ಕೆಚ್ ಹಾಕಿದರೆ ಕಾಗದದಲ್ಲಿ ತಗ್ಗಿನ ಸಾಲು ಬೀಳುತ್ತದೆ. ಗೆರೆ ಅಳಿಸಬಹುದು, ಸಾಲು ಅಳಿಯುವುದಿಲ್ಲ. ಮೇಲೆ ಶೇಡ್ ಮಾಡಿದಾಗ ಬಿಳಿ ಗೆರೆಯಾಗಿ ಹೊರಬರುತ್ತದೆ. ಇದರ ಮೇಲೆ ಸ್ಕೆಚ್ ಹಾಕಲು ಎಚ್‌ಬಿಗಿಂತ ಗಟ್ಟಿಯ ಪೆನ್ಸಿಲ್ ಬೇಡ, ಅದನ್ನೂ ತೂಕವೇ ಇಲ್ಲದ ಕೈಯಿಂದ ಆಡಿಸಿ. ಬೇರೆ ಹಾಳೆಯಲ್ಲಿ ಪೂರ್ತಿ ಸ್ಕೆಚ್ ಮುಗಿಸಿ ಕೆಳಗಿನಿಂದ ಬೆಳಕು ಬರುವ ಲೈಟ್ ಬಾಕ್ಸಿನ ಮೇಲೆ ಇಳಿಸಿಕೊಳ್ಳುವುದು ಇನ್ನೂ ಕ್ಷೇಮ. ಮೀಸೆ, ಹುಬ್ಬಿನ ಕೂದಲಿನ ಬಿಳಿ ಎಳೆ ಬೇಕಾದವರು ಇದೇ ದೋಷವನ್ನು ಗುಣವಾಗಿ ಬಳಸುತ್ತಾರೆ: ಮೊಂಡ ಸೂಜಿಯಿಂದ ಮೊದಲೇ ಸಾಲು ಒತ್ತಿಟ್ಟು ಮೇಲೆ ಶೇಡ್ ಮಾಡುತ್ತಾರೆ.

ದೊಡ್ಡ, ನಿಧಾನದ ಕೆಲಸಕ್ಕೆ ಹಾಟ್ ಪ್ರೆಸ್, ಅಂದರೆ ನುಣುಪು ಮೈಯ, ಜಲವರ್ಣ ಕಾಗದ. ಫ್ಯಾಬ್ರಿಯಾನೊ ಆರ್ಟಿಸ್ಟಿಕೊ, ಆರ್ಶ್ ಎರಡೂ ಪೂರ್ತಿ ಹತ್ತಿಯವು, 300 ಜಿಎಸ್‌ಎಂನಲ್ಲಿ ಸಿಗುತ್ತವೆ. ಆರ್ಶ್‌ಗೆ ಜೆಲಟಿನ್ ಸೈಜಿಂಗ್ ಇರುತ್ತದೆ, ಅಂದರೆ ನಾರುಗಳನ್ನು ಬಿಗಿಹಿಡಿಯುವ ಅಂಟಿನ ಪದರ. ಅದರಿಂದ ಮೈ ಗಡುಸು, ರಬ್ಬರಿನ ಎಷ್ಟೋ ಏಟನ್ನು ತಡೆದುಕೊಳ್ಳುತ್ತದೆ. ಆರ್ಟಿಸ್ಟಿಕೊದ ಸೈಜಿಂಗ್‌ನಲ್ಲಿ ಜೆಲಟಿನ್‌ನಂಥ ಪ್ರಾಣಿಜನ್ಯ ವಸ್ತುವಿಲ್ಲ. ಪೆನ್ಸಿಲಿಗೆ ಅದರ ಮೈ ಹೆಚ್ಚು ನಯವೆನಿಸುತ್ತದೆ. ಅದರಲ್ಲಿ ಟ್ರೆಡಿಷನಲ್ ವೈಟ್ ಕೆನೆಬಣ್ಣ, ಎಕ್ಸ್‌ಟ್ರಾ ವೈಟ್ ಅಚ್ಚ ಬಿಳಿ. ಎದ್ದು ಕಾಣುವ ಹೊಳಪು ಬೇಕಾದ ಚಿತ್ರಕ್ಕೆ ಎರಡನೆಯದನ್ನೇ ಕೇಳಿ ತರಿಸಿ. ಹಾಟ್ ಪ್ರೆಸ್ ಎಂದು ಸ್ಪಷ್ಟವಾಗಿ ಹೇಳುವುದನ್ನು ಮರೆಯಬೇಡಿ. ಒರಟು ಮೈಯ ಕೋಲ್ಡ್ ಪ್ರೆಸ್ ಬಂದರೆ ಅದರ ಗುಂಡಿಗಳನ್ನು ತುಂಬಿಸುವುದರಲ್ಲೇ ದಿನ ಕಳೆಯುತ್ತದೆ.

ಫ್ಯಾಬ್ರಿಯಾನೊ ಅಕಾಡೆಮಿಯಾ 200 ಜಿಎಸ್‌ಎಂ, ಕ್ಯಾನ್ಸನ್‌ನ ಸಿ ಆ ಗ್ರೇನ್ 180 ಅಥವಾ 224 ಜಿಎಸ್‌ಎಂ. ಇವು ತರಗತಿಯ ದಿನನಿತ್ಯದ ಕಾಗದಗಳು. ತುಸು ತರಿ, ಒಳ್ಳೆಯ ಗಟ್ಟಿತನ. ಮಾದರಿ ಎದುರಿಟ್ಟುಕೊಂಡು ಬೇಗ ಬೇಗ ಬರೆಯುವ ಅಭ್ಯಾಸಕ್ಕೆ ಒಪ್ಪುತ್ತವೆ. ಕ್ಯಾನ್ಸನ್ ಮಿ-ತಾಂತ್ ಬಣ್ಣದ ಕಾಗದ, 160 ಜಿಎಸ್‌ಎಂ. ಅದರ ಒಂದು ಮೈಯಲ್ಲಿ ಜೇನುಗೂಡಿನ ಅಚ್ಚಿದೆ, ಇನ್ನೊಂದು ಮೈ ಸಣ್ಣ ತರಿ. ಪೆನ್ಸಿಲಿಗೆ ಸಣ್ಣ ತರಿಯ ಮೈ; ಅಚ್ಚಿನ ಮೈಯಲ್ಲಿ ಬರೆದ ಮುಖದ ಮೇಲೆಲ್ಲ ಗೂಡಿನ ಗುರುತು ಮೂಡುತ್ತದೆ. ಬೂದು ಅಥವಾ ಕಂದು ಬಣ್ಣದ ಮೇಲೆ ಬಿಳಿ ಪೆನ್ಸಿಲ್ ಸೇರಿಸಿ ಬರೆಯುವವರಿಗೆ ಸ್ಟ್ರಾತ್‌ಮೋರ್ ಟೋನ್ಡ್, 118 ಜಿಎಸ್‌ಎಂ, ಸುಲಭದ ದಾರಿ. ಅಲ್ಲೊಂದು ಎಚ್ಚರಿಕೆ: ಬಿಳಿ ಪೆನ್ಸಿಲನ್ನೂ ಗ್ರಾಫೈಟನ್ನೂ ಒಂದರ ಮೇಲೊಂದು ತಾಗಿಸಬೇಡಿ, ಎರಡೂ ಬೆರೆತು ನೀಲಿಮಿಶ್ರಿತ ಕೊಳೆಬಣ್ಣವಾಗುತ್ತದೆ. ನಡುವೆ ಕಾಗದದ ಬಣ್ಣವೇ ಉಳಿದಿರಲಿ.

ಜೆರಾಕ್ಸ್ ಹಾಳೆ 70–80 ಜಿಎಸ್‌ಎಂ. ಅಳತೆ, ಸಂಯೋಜನೆ ಗುರುತು ಹಾಕಿಕೊಳ್ಳಲು ಸಾಕು, ಶೇಡಿಂಗ್‌ಗೆ ಅಲ್ಲ.

ಯಾವ ಕಾಗದವನ್ನೇ ಆಗಲಿ ಹೊಸದಾಗಿ ತಂದಾಗ ಮೂಲೆಯ ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿ. ಮೊದಲು ಹಾಳೆಯನ್ನು ದೀಪದ ಬದಿಗೆ ಓರೆಯಾಗಿ ಹಿಡಿದು ಎರಡೂ ಮೈ ನೋಡಿ. ತಯಾರಾಗುವಾಗ ಜಾಲರಿಯ ಮೇಲೆ ಕೂತ ಮೈಯಲ್ಲಿ ಸಣ್ಣ ಬಲೆಯಂಥ ಕ್ರಮಬದ್ಧ ಗುರುತು ಕಾಣಬಹುದು. ಗುರುತಿಲ್ಲದ ಮೈ ಪೆನ್ಸಿಲಿಗೆ ಒಳ್ಳೆಯದು. ಆಮೇಲೆ 2ಎಚ್, ಎಚ್‌ಬಿ, 2ಬಿ, 6ಬಿ ನಾಲ್ಕರಲ್ಲೂ ಒಂದೊಂದು ಇಂಚಿನ ಚೌಕ ತುಂಬಿಸಿ, ಒಂದೇ ಒತ್ತಡದಲ್ಲಿ, ದಿಕ್ಕು ಬದಲಿಸುತ್ತಾ ನಾಲ್ಕು ಪದರ. 6ಬಿ ಚೌಕ ಮೂರನೇ ಪದರಕ್ಕೂ ನಾಲ್ಕನೇ ಪದರಕ್ಕೂ ಕಪ್ಪಾಗುತ್ತಾ ಹೋದರೆ ಕಾಗದದಲ್ಲಿ ಇನ್ನೂ ಜಾಗವಿದೆ ಎಂದರ್ಥ.

ಇದರಲ್ಲಿ ಬಹಳ ಮುಖ್ಯವಾದದ್ದು ಅಳಿಸುವ ಪರೀಕ್ಷೆ, ಬಹುತೇಕರು ಅದನ್ನು ಅರ್ಧಕ್ಕೇ ಬಿಡುತ್ತಾರೆ. 2ಬಿ ಚೌಕದ ನಡುವೆ ಪ್ಲಾಸ್ಟಿಕ್ ರಬ್ಬರಿನಿಂದ ಒಂದು ಪಟ್ಟೆ ಅಳಿಸಿ. ಬೆಳ್ಳಗಾಯಿತೆಂದು ಅಲ್ಲಿಗೇ ನಿಲ್ಲಬೇಡಿ. ಅದೇ ಪಟ್ಟೆಯ ಮೇಲೆ ಮತ್ತೆ 2ಬಿ ಹಾಕಿ. ಸುತ್ತಲಿನ ಬಣ್ಣಕ್ಕೆ ಕೂಡಿಕೊಂಡರೆ ಕಾಗದ ಪಾಸಾದಂತೆ. ಪಟ್ಟೆ ಸುತ್ತಲಿಗಿಂತ ಕಪ್ಪಾಗಿ ತೇಪೆಯಂತೆ ಕಂಡರೆ ರಬ್ಬರ್ ಸೈಜಿಂಗನ್ನು ಕಿತ್ತು ನಾರುಗಳನ್ನು ಎಬ್ಬಿಸಿದೆ, ಎದ್ದ ನಾರು ಹೆಚ್ಚು ಗ್ರಾಫೈಟ್ ಹಿಡಿಯುತ್ತಿದೆ. ಅಂಥ ಕಾಗದದ ಮೇಲೆ ಉಜ್ಜುವ ಬದಲು ಹಿಟ್ಟಿನಂತೆ ನಾದಬಹುದಾದ ಮೆತ್ತಗಿನ ರಬ್ಬರನ್ನು ಒತ್ತಿ ಎತ್ತುತ್ತಾ ಬಣ್ಣ ತಿಳಿಗೊಳಿಸಬೇಕು. ಕೊನೆಗೆ ಬ್ಲೆಂಡಿಂಗ್ ಸ್ಟಂಪ್, ಅಂದರೆ ಗ್ರಾಫೈಟ್ ಹರಡಲು ಕಾಗದ ಬಿಗಿಯಾಗಿ ಸುತ್ತಿ ಮಾಡಿದ ಕಡ್ಡಿ. ಸ್ಟಂಪ್ ಗ್ರಾಫೈಟನ್ನು ತಗ್ಗುಗಳೊಳಗೆ ನೂಕುತ್ತದೆ, ಬಿಳಿ ಚುಕ್ಕೆ ಹೋಗುತ್ತದೆ ನಿಜ. ಜೊತೆಗೆ ತರಿಯೂ ಮುಚ್ಚಿ ಮುಂದಿನ ಪದರ ಹಿಡಿಯುವುದು ಕಡಿಮೆಯಾಗುತ್ತದೆ. ಅದಕ್ಕೇ ಮೊದಲ ಪದರಗಳನ್ನಷ್ಟೇ ಸ್ಟಂಪಿನಿಂದ ಹರಡಿ, ಮೇಲಿನವನ್ನು ಪೆನ್ಸಿಲಿನಲ್ಲೇ ಮುಗಿಸುವುದು ಒಳ್ಳೆಯದು.

ಚಿತ್ರವನ್ನು ಇಟ್ಟುಕೊಳ್ಳುವ ಅಥವಾ ಮಾರುವ ಯೋಚನೆಯಿದ್ದರೆ ಲೇಬಲ್‌ನಲ್ಲಿ ಆಮ್ಲರಹಿತ ಎಂಬ ಮಾತಿಗೆ ಸಮಾಧಾನಪಡಬೇಡಿ. ಮರದ ತಿರುಳಿನಲ್ಲಿ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ವಸ್ತು) ಉಳಿದಿದ್ದರೆ ಸುಣ್ಣದ ಅಂಶ ಸೇರಿಸಿ ಆಮ್ಲ ತೆಗೆದರೂ ಬೆಳಕಿಗೆ ಹಳದಿಯಾಗುತ್ತದೆ. ಸುದ್ದಿಪತ್ರಿಕೆ ಕಿಟಕಿ ಬಳಿ ಕಂದುಬಣ್ಣಕ್ಕೆ ತಿರುಗುವುದು ಲಿಗ್ನಿನ್‌ನಿಂದಲೇ. ಆಮ್ಲವೂ ಇಲ್ಲ, ಲಿಗ್ನಿನ್ನೂ ಇಲ್ಲ ಎಂದು ಎರಡನ್ನೂ ಬರೆದಿರಬೇಕು. ಹತ್ತಿ ನಾರಿನಲ್ಲಿ ಲಿಗ್ನಿನ್‌ನ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಕಾಗದದ ಬಾಳಿಕೆಗೆ ಐಎಸ್‌ಒ 9706 ಎಂಬ ಮಾನದಂಡವಿದೆ. ಆ ಗುರುತು ಇದ್ದರೆ ಮರದ ತಿರುಳಿನ ಕಾಗದವನ್ನೂ ಧೈರ್ಯವಾಗಿ ಕೊಳ್ಳಬಹುದು.

ಪೂರ್ತಿ ಪ್ಯಾಡ್ ಕೊಳ್ಳುವ ಮೊದಲು ಬಿಡಿ ಹಾಳೆ ಸಿಕ್ಕಿದರೆ ಒಂದನ್ನೇ ತಂದು ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ. ದೊಡ್ಡ ಹಾಳೆಯನ್ನು ತುಂಡು ಮಾಡಿಕೊಳ್ಳುವುದಾದರೆ ಕತ್ತರಿಸುವ ಮುನ್ನವೇ ಒಳ್ಳೆಯ ಮೈಯ ಹಿಂಬದಿಯಲ್ಲಿ, ಪ್ರತಿ ತುಂಡಿನ ಮೂಲೆಗೂ ಬರುವಂತೆ, ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಡಿ. ಕತ್ತರಿಸಿದ ಮೇಲೆ ಯಾವ ಮೈ ಯಾವುದೆಂದು ಹೇಳುವುದು ನುರಿತ ಕಣ್ಣಿಗೂ ಕಷ್ಟ.