ಫೋಟೋದ ತುದಿಯವರನ್ನು ಉಳಿಸಿಕೊಳ್ಳೋದು ಹೇಗೆ? ಮೂರು ಫೋಟೋ, ನಾಲ್ಕು ದಾರಿ

ಹನ್ನೊಂದು ಜನ ಒಂದೇ ಸಾಲಿನಲ್ಲಿ ನಿಂತ ಫೋಟೋ. ಎಡ ತುದಿಯಲ್ಲಿ ಅಕ್ಕ, ಬಲ ತುದಿಯಲ್ಲಿ ಅವಳ ಮಗ ಪುಟ್ಟ. ಎಲ್ಲರ ಕಣ್ಣೂ ತೆರೆದಿವೆ, ಎಲ್ಲರೂ ನಗುತ್ತಿದ್ದಾರೆ. ಇಂಥ ಫೋಟೋ ಸಿಗೋದೇ ಅಪರೂಪ, ಅಲ್ವಾ? ಖುಷಿಯಲ್ಲಿ ಹಾಗೇ ಇನ್‌ಸ್ಟಾಗ್ರಾಂಗೆ ಹಾಕಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅಕ್ಕನ ಮೆಸೇಜ್ ಬಂತು: "ನಾನೂ ಪುಟ್ಟನೂ ಎಲ್ಲೋ?"

ಪ್ರೊಫೈಲ್ ತೆರೆದು ನೋಡಿದೆ. ನಡುವಿನ ಐದು ಜನ ಮಾತ್ರ ಇದ್ದರು. ಆರನೆಯವರ ಭುಜ ಅರ್ಧ ಕಾಣುತ್ತಿತ್ತು. ಫೋಟೋ ಮೇಲೆ ಒತ್ತಿದರೆ ಪೂರ್ತಿ ಸಾಲು ಬರುತ್ತದೆ, ನಿಜ. ಆದರೆ ಎಷ್ಟು ಜನ ಒತ್ತಿ ನೋಡುತ್ತಾರೆ? ಅಕ್ಕನಿಗೆ ಬೇಜಾರಾಗಿತ್ತು. ನನಗೆ ಇನ್ನೂ ಜಾಸ್ತಿ.

ಅವತ್ತೇ ಕೂತು ಪರೀಕ್ಷೆ ಶುರು ಮಾಡಿದೆ. ಮೂರು ಚಿತ್ರ ತೆಗೆದುಕೊಂಡೆ. ಒಂದು, ಈ ಗುಂಪಿನ ಅಡ್ಡ ಫೋಟೋ. ಎರಡು, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ತೆಗೆದ ಒಂದು ಎತ್ತರದ ಮರ, ಬುಡದಲ್ಲಿ ಪುಟ್ಟ ಕೂತಿದ್ದಾನೆ. ಮೂರು, ನಾನೇ ಮಾಡಿದ್ದ ಒಂದು ಚೌಕ ಪೋಸ್ಟರ್. ಈ ಮೂರನ್ನೂ ನಾಲ್ಕು ದಾರಿಯಲ್ಲಿ ಸಿದ್ಧ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ: ನಾನೇ ಕ್ರಾಪ್ ಮಾಡೋದು, ಒಂದೇ ಬಣ್ಣದ ಅಂಚು ಕೊಡೋದು, ಮಸುಕು ಹಿನ್ನೆಲೆ ಕೊಡೋದು, ಎಐ ಕೈಯಲ್ಲಿ ಫೋಟೋ ಹಿಗ್ಗಿಸೋದು.

ಮೊದಲು ಎಲ್ಲಿ ಕತ್ತರಿ ಬೀಳುತ್ತದೆ ಅನ್ನೋದು ಗೊತ್ತಿರಬೇಕು. ಫೋನ್ ಕ್ಯಾಮೆರಾ ಸಾಮಾನ್ಯವಾಗಿ 4:3 ಅಳತೆಯಲ್ಲಿ, ಅಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು ಇರೋ ಹಾಗೆ ಫೋಟೋ ತೆಗೆಯುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ 3:2 ಜಾಸ್ತಿ. ಇನ್‌ಸ್ಟಾಗ್ರಾಂ 2010ರಲ್ಲಿ ಶುರುವಾದಾಗ ಬರೀ ಚೌಕ ಫೋಟೋ ಹಾಕಬಹುದಿತ್ತು. 2015ರ ಆಗಸ್ಟ್‌ನಲ್ಲಿ ಅಡ್ಡ ಮತ್ತು ಉದ್ದ ಫೋಟೋಗಳಿಗೂ ಜಾಗ ಸಿಕ್ಕಿತು. ಆಗ ಉದ್ದಕ್ಕೆ ಮಿತಿ 4:5 ಇತ್ತು, ಅಂದರೆ 1080 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಗಲ, 1350 ಎತ್ತರ. 2025ರಲ್ಲಿ ಪ್ರೊಫೈಲ್ ಗ್ರಿಡ್‌ನ, ಅಂದರೆ ಪ್ರೊಫೈಲ್ ತೆರೆದಾಗ ಸಾಲುಸಾಲಾಗಿ ಕಾಣೋ ಚಿಕ್ಕ ಫೋಟೋಗಳ, ಚೌಕಗಳು ಹೋಗಿ 3:4ರ ಉದ್ದ ಮನೆಗಳು ಬಂದವು. ಅದೇ ವರ್ಷ 3:4 ಫೋಟೋಗಳನ್ನೂ ಹಾಗೇ ಹಾಕಲು ಅವಕಾಶವಾಯಿತು, ಅಂದರೆ 1080ಕ್ಕೆ 1440.

ಹೀಗಾಗಿ ಒಂದೇ ಫೋಟೋ ಎರಡು ಕಡೆ ಎರಡು ರೀತಿ ಕಾಣುತ್ತದೆ. ಬೆರಳಲ್ಲಿ ಸರಿಸುತ್ತಾ ನೋಡೋ ಫೀಡ್‌ನಲ್ಲಿ ಒಂದು, ಗ್ರಿಡ್‌ನಲ್ಲಿ ಇನ್ನೊಂದು. 3:2ರ ಅಡ್ಡ ಫೋಟೋ ಫೀಡ್‌ನಲ್ಲಿ 1080ಕ್ಕೆ 720 ಆಗಿ ಪೂರ್ತಿ ಕಾಣುತ್ತದೆ. ಅದನ್ನೇ 3:4ರ ಮನೆಗೆ ಹಾಕಿದರೆ 720 ಎತ್ತರಕ್ಕೆ 540 ಅಗಲ ಮಾತ್ರ ಉಳಿಯುತ್ತದೆ. ಸರಿಯಾಗಿ ಅರ್ಧ! ಎಡದಿಂದ ಕಾಲು ಭಾಗ, ಬಲದಿಂದ ಕಾಲು ಭಾಗ ಹೋಯಿತು. ಸಾಲಿನಲ್ಲಿ ಹನ್ನೊಂದು ಜನ ಇದ್ದರೆ ಒಂದೊಂದು ಕಡೆ ಮೂರು ಮೂರು ಜನ ಹೋಗೋದು ಲೆಕ್ಕಕ್ಕೆ ಸರಿಯೇ.

ಮೊದಲ ದಾರಿ, ನಾನೇ ಕ್ರಾಪ್ ಮಾಡೋದು. ಮರದ ಫೋಟೋಗೆ ಇದು ತುಂಬಾ ಚೆನ್ನಾಗಿ ಕೂತಿತು. ಅದು 2:3 ಅಳತೆಯದ್ದು. 1080 ಅಗಲಕ್ಕೆ ತಂದರೆ ಎತ್ತರ 1620 ಆಗುತ್ತದೆ. 4:5ಕ್ಕೆ ಇಳಿಸಬೇಕು ಅಂದರೆ 270 ಪಿಕ್ಸೆಲ್ ಬಿಡಲೇಬೇಕು, ಅಂದರೆ ಆರನೇ ಒಂದು ಪಾಲು. ತಾನೇ ಕತ್ತರಿಸುವ ಆ್ಯಪ್‌ಗಳು ಸಾಮಾನ್ಯವಾಗಿ ನಡುವನ್ನು ಉಳಿಸಿ ಎರಡೂ ತುದಿಯಿಂದ ಸಮವಾಗಿ ತೆಗೆಯುತ್ತವೆ. ಹಾಗೆ ಮಾಡಿದಾಗ ಮರದ ತುದಿಯೂ ಹೋಯಿತು, ಪುಟ್ಟನ ಕಾಲೂ ಹೋಯಿತು. ನಾನೇ ಮಾಡಿದಾಗ ಪೂರ್ತಿ 270ನ್ನೂ ಮೇಲಿನಿಂದ ತೆಗೆದೆ. ಮರದ ತುದಿ ಇಲ್ಲ, ಆದರೂ ಅದು ಮೇಲಕ್ಕೆ ಹೋಗುತ್ತಲೇ ಇದೆ ಅನ್ನಿಸುತ್ತದೆ. ಬುಡದಲ್ಲಿ ಹುಡುಗ ಪೂರ್ತಿ ಇದ್ದಾನೆ. ನಿಜ ಹೇಳಬೇಕೆಂದರೆ ಮೂಲ ಫೋಟೋಗಿಂತ ಇದೇ ನನಗೆ ಹೆಚ್ಚು ಇಷ್ಟವಾಯಿತು.

3:4ಕ್ಕೆ ಕ್ರಾಪ್ ಮಾಡಿದರೆ ಬಿಡಬೇಕಾದ್ದು 180 ಪಿಕ್ಸೆಲ್ ಮಾತ್ರ. ಫೋನಿನಲ್ಲಿ ತೆಗೆದ ಉದ್ದ ಫೋಟೋ ಆದರೆ ಏನನ್ನೂ ಬಿಡಬೇಕಿಲ್ಲ, ಅದು ಮೊದಲೇ 3:4 ಇರುತ್ತದೆ. ಇನ್ನೊಂದು ವಿಷಯ: 4:5 ಫೋಟೋ ಗ್ರಿಡ್‌ಗೆ ಹೋದಾಗ ಪಕ್ಕದಿಂದ ಸುಮಾರು 34 ಪಿಕ್ಸೆಲ್ ಒಂದೊಂದು ಕಡೆ ಹೋಗುತ್ತದೆ. ಫೋಟೋಗೆ ಅದು ಲೆಕ್ಕವೇ ಅಲ್ಲ. ಅಂಚಿಗೆ ಒತ್ತಿ ಬರೆದ ಅಕ್ಷರ ಇದ್ದರೆ ಮಾತ್ರ ಕಷ್ಟ.

ಆದರೆ ಗುಂಪಿನ ಫೋಟೋಗೆ ಕ್ರಾಪ್ ನಡೆಯೋದೇ ಇಲ್ಲ. ಯಾರನ್ನು ಬಿಡೋದು?

ಅದಕ್ಕೇ ಎರಡನೇ ದಾರಿ, ಒಂದೇ ಬಣ್ಣದ ಅಂಚು. ಇದರ ಬಗ್ಗೆ ನನಗೆ ಮೊದಲು ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಅಂಚು ಹಾಕಿದರೆ ಫೋಟೋ ಚಿಕ್ಕದಾಗುತ್ತದೆ ಅಂದುಕೊಂಡಿದ್ದೆ. ಅಳೆದು ನೋಡಿದಾಗ ಗೊತ್ತಾಯಿತು, ಅಡ್ಡ ಫೋಟೋ ವಿಷಯದಲ್ಲಿ ಅದು ತಪ್ಪು. ಅಂಚಿಲ್ಲದೆ ಹಾಕಿದಾಗಲೂ ಫೋಟೋ 1080 ಅಗಲ. 1080ಕ್ಕೆ 1440ರ ಹಾಳೆಯ ಮೇಲೆ ಇಟ್ಟಾಗಲೂ ಅದು 1080 ಅಗಲವೇ. ಮೇಲೆ 360, ಕೆಳಗೆ 360 ಖಾಲಿ ಜಾಗ ಸೇರಿಕೊಳ್ಳುತ್ತದೆ, ಅಷ್ಟೇ. ಫೀಡ್‌ನಲ್ಲಿ ಅಕ್ಕನ ಮುಖ ಒಂದು ಕೂದಲೆಳೆಯಷ್ಟೂ ಚಿಕ್ಕದಾಗಲಿಲ್ಲ. ಗ್ರಿಡ್‌ನಲ್ಲಿ ಹನ್ನೊಂದೂ ಜನ ಕಾಣಿಸಿದರು.

ಉದ್ದ ಫೋಟೋಗೆ ಮಾತ್ರ ಅಂಚು ಸ್ವಲ್ಪ ಜಾಗ ತಿನ್ನುತ್ತದೆ. ಮರದ ಫೋಟೋವನ್ನು 3:4ರ ಹಾಳೆಯಲ್ಲಿ ಇಟ್ಟರೆ ಅಗಲ 960 ಆಗುತ್ತದೆ, ಒಂದೊಂದು ಪಕ್ಕ 60 ಪಿಕ್ಸೆಲ್ ಖಾಲಿ. 4:5ರಲ್ಲಿ ಇಟ್ಟರೆ ಅಗಲ 900ಕ್ಕೆ ಇಳಿಯುತ್ತದೆ.

ಅಂಚಿನ ಬಣ್ಣವನ್ನು ಉಡಾಫೆ ಮಾಡಬೇಡಿ. ಮೊದಲು ಬಿಳಿ ಹಾಕಿದೆ. ಹಗಲಲ್ಲಿ ಚೆನ್ನಾಗಿತ್ತು. ರಾತ್ರಿ ಫೋನ್ ಡಾರ್ಕ್ ಮೋಡ್‌ನಲ್ಲಿದ್ದಾಗ ಆ ಬಿಳಿ ಕಣ್ಣಿಗೆ ಚುಚ್ಚಿತು, ಮುಖಗಳು ಕಪ್ಪಾದ ಹಾಗೆ ಕಂಡವು. ಕಪ್ಪು ಹಾಕಿದಾಗ ಹಗಲಲ್ಲಿ ಫೋಟೋಗೆ ಏನೋ ದುಃಖದ ಕಳೆ ಬಂತು. ಕೊನೆಗೆ ಫೋಟೋದಲ್ಲೇ ಇದ್ದ ಗೋಡೆಯ ತಿಳಿ ಹಳದಿಯನ್ನು ಕಲರ್ ಪಿಕರ್‌ನಲ್ಲಿ ಎತ್ತಿಕೊಂಡು ಅದನ್ನೇ ಸ್ವಲ್ಪ ಮಂಕು ಮಾಡಿ ಹಾಕಿದೆ. ಎರಡು ಹೊತ್ತಿಗೂ ಹೊಂದಿತು. ಖಾಲಿ ಜಾಗವನ್ನು ಪಾರದರ್ಶಕವಾಗಿ ಇಡಬಲ್ಲ ಪಿಎನ್‌ಜಿ ಫೈಲ್ ಮಾಡಿ "ಅಂಚು ತಾನೇ ಹೊಂದಿಕೊಳ್ಳಲಿ" ಅಂತ ಬಿಡೋ ಆಸೆಯೂ ಬರುತ್ತದೆ. ಬೇಡ. ಪಾರದರ್ಶಕತೆ ಇಲ್ಲದ ಜೆಪೆಗ್ ಫೈಲ್ ಆಗಿ ಬದಲಾದಾಗ ಆ ಖಾಲಿ ಜಾಗ ಎಲ್ಲೋ ಕಪ್ಪಾಗುತ್ತದೆ, ಎಲ್ಲೋ ಬಿಳಿಯಾಗುತ್ತದೆ.

ಫೋನಿನಲ್ಲಿ ಮಾಡೋದಾದರೆ ಸ್ನ್ಯಾಪ್‌ಸೀಡ್ ಅನ್ನೋ ಆ್ಯಪ್‌ನ ಎಕ್ಸ್‌ಪ್ಯಾಂಡ್‌ನಲ್ಲಿ ಬಿಳಿ, ಕಪ್ಪು ಎರಡೂ ಸಿಗುತ್ತವೆ. ಬೇರೆ ಬಣ್ಣ ಬೇಕಾದರೆ ಕ್ಯಾನ್ವಾ ಅನ್ನೋ ವಿನ್ಯಾಸದ ಆ್ಯಪ್‌ನಲ್ಲಿ 1080ಕ್ಕೆ 1440ರ ಹಾಳೆ ತೆರೆದು, ಹಿನ್ನೆಲೆ ಬಣ್ಣ ಕೊಟ್ಟು, ಮೇಲೆ ಫೋಟೋ ಇಟ್ಟರೆ ಆಯಿತು. ಕಂಪ್ಯೂಟರ್‌ನಲ್ಲಿ ನಾನು ಫೋಟೋ ತಿದ್ದೋ ಗಿಂಪ್ ತಂತ್ರಾಂಶ ಬಳಸುತ್ತೇನೆ. ಮೊದಲು ಫೋಟೋವನ್ನು 1080 ಅಗಲಕ್ಕೆ ಇಳಿಸಿಕೊಳ್ಳಬೇಕು. ಆಮೇಲೆ ಇಮೇಜ್ ಮೆನುವಿನಲ್ಲಿ ಕ್ಯಾನ್ವಾಸ್ ಸೈಜ್ ತೆರೆಯಬೇಕು. ಅಲ್ಲಿ ಅಗಲ ಮತ್ತು ಎತ್ತರದ ಪಕ್ಕ ಒಂದು ಸರಪಳಿ ಚಿಹ್ನೆ ಇರುತ್ತದೆ. ಅದನ್ನು ಒತ್ತಿ ಬಿಡಿಸಿ. ಬಿಡಿಸದಿದ್ದರೆ ಎತ್ತರ 1440 ಅಂತ ಬರೆದ ತಕ್ಷಣ ಅಗಲವೂ ಜಿಗಿಯುತ್ತದೆ. ಇದು ಗೊತ್ತಾಗೋ ತನಕ ನಾನು ತುಂಬಾ ಹೊತ್ತು ಒದ್ದಾಡಿದ್ದೆ. ಆಮೇಲೆ ಸೆಂಟರ್ ಒತ್ತಿದರೆ ಫೋಟೋ ನಡುವೆ ಬಂದು ಕೂರುತ್ತದೆ.

ಮೂರನೇ ದಾರಿ, ಮಸುಕು ಹಿನ್ನೆಲೆ. ಅದೇ ಫೋಟೋವನ್ನು ದೊಡ್ಡದು ಮಾಡಿ, ಮಸುಕು ಮಾಡಿ ಹಿಂದೆ ಇಡೋದು. ಉದ್ದ ವಿಡಿಯೋ ತೋರಿಸುವಾಗ ಟಿವಿ ಚಾನೆಲ್‌ಗಳು ಮಾಡುತ್ತವಲ್ಲ, ಹಾಗೆ. ಗುಂಪಿನ ಫೋಟೋದಲ್ಲಿ ತಲೆಗಳ ಮೇಲೆ ಮಸುಕಾದ ಬೇರೆ ತಲೆಗಳು ತೇಲುತ್ತಿದ್ದವು. ನೋಡೋಕೆ ಆಗಲಿಲ್ಲ. ಮರಕ್ಕೆ ಪರವಾಗಿಲ್ಲ, ಎಲ್ಲ ಹಸಿರೇ ಅಲ್ವಾ. ಆದರೂ ಒಂದೇ ಬಣ್ಣದ ಅಂಚು ಇದಕ್ಕಿಂತ ಎಷ್ಟೋ ವಾಸಿ.

ಎಐ ಹಿಗ್ಗಿಸೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫೋಟೋದ ಹೊರಗೆ ಏನಿರಬಹುದು ಅಂತ ಊಹಿಸಿ ಅದೇ ಬರೆದು ತುಂಬುತ್ತದೆ. ಫೋಟೋಶಾಪ್‌ನಲ್ಲಿ ಜನರೇಟಿವ್ ಎಕ್ಸ್‌ಪ್ಯಾಂಡ್ ಅಂತ 2023ರಲ್ಲಿ ಬಂತು. ಕ್ಯಾನ್ವಾದಲ್ಲೂ ಇದೆ, ಬೇರೆ ಎಷ್ಟೋ ಆ್ಯಪ್‌ಗಳಲ್ಲೂ ಇದೆ. ಮರದ ಫೋಟೋದ ಎರಡು ಪಕ್ಕಕ್ಕೆ ಆಕಾಶ ಮತ್ತು ಹುಲ್ಲು ಬೇಕಿತ್ತು. ನಾನು ಬಳಸಿದ ಆ್ಯಪ್ ಎಷ್ಟು ಚೆನ್ನಾಗಿ ಸೇರಿಸಿತು ಅಂದರೆ ಬೆಸುಗೆ ಎಲ್ಲಿದೆ ಅಂತ ನನಗೇ ಹುಡುಕಲು ಆಗಲಿಲ್ಲ. ಬರೀ ಆಕಾಶ, ನೀರು, ಮರಳು, ಖಾಲಿ ಗೋಡೆ ಇದ್ದರೆ ಧೈರ್ಯವಾಗಿ ಬಳಸಬಹುದು.

ಗುಂಪಿನ ಫೋಟೋಗೆ ಅದೇ ಕೆಲಸ ಕೊಟ್ಟೆ. ಮೂಲದಲ್ಲಿ ಎಲ್ಲರ ಪಾದ ಕಣಕಾಲಿನ ಹತ್ತಿರ ಕಟ್ ಆಗಿತ್ತು. ಕೆಳಗೆ ಹಿಗ್ಗಿಸಿದಾಗ ಹನ್ನೊಂದು ಜೊತೆ ಪಾದ ಹೊಸದಾಗಿ ಬಂದವು. ಅವತ್ತು ಬರಿಗಾಲಲ್ಲಿದ್ದ ಪುಟ್ಟನಿಗೆ ಕಪ್ಪು ಶೂ ಬಂದಿತ್ತು. ಅಕ್ಕನ ಪಕ್ಕದಲ್ಲಿ ನಿಂತವರಿಗೆ ಎರಡೂ ಎಡಗಾಲು. ಪಕ್ಕಕ್ಕೆ ಹಿಗ್ಗಿಸಿದಾಗ ಅಕ್ಕನ ಅರ್ಧ ಕಾಣುತ್ತಿದ್ದ ಕೈ ಪೂರ್ತಿಯಾಯಿತು, ಆದರೆ ಆ ಕೈ ಅವಳದ್ದಲ್ಲ. ಬೆರಳು ಉದ್ದ, ಬಳೆ ಇಲ್ಲ. ನನಗೆ ಒಂಥರಾ ಆಯಿತು. ನೆನಪಿಗೆ ಅಂತ ಇಟ್ಟುಕೊಳ್ಳೋ ಫೋಟೋದಲ್ಲಿ ಇಲ್ಲದ ಕೈ ಯಾಕೆ? ಹತ್ತು ವರ್ಷ ಬಿಟ್ಟು ನೋಡಿದಾಗ ಯಾವುದು ನಿಜ, ಯಾವುದು ಸೇರಿಸಿದ್ದು ಅಂತ ನಮಗೇ ಗೊತ್ತಾಗಲ್ಲ. ಜನರು ಅಂಚಿನ ಹತ್ತಿರ ಇದ್ದರೆ ಈ ದಾರಿ ನಾನು ಹಿಡಿಯೋದಿಲ್ಲ. ಜೊತೆಗೆ, ಫೈಲ್ ಒಳಗಿನ ಮಾಹಿತಿ ನೋಡಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಮೆಟಾ ಕಂಪನಿಯ ತಾಣಗಳು "ಎಐ ಇನ್ಫೋ" ಅನ್ನೋ ಚೀಟಿ ಅಂಟಿಸಬಹುದು. ಬರೀ ಆಕಾಶ ಸೇರಿಸಿದ್ದರೂ ನೋಡಿದವರಿಗೆ ಪೂರ್ತಿ ಫೋಟೋ ಮೇಲೇ ಅನುಮಾನ ಬರುತ್ತದೆ.

ಪೋಸ್ಟರ್ ಕಥೆ ಬೇರೆ. "ರಕ್ತದಾನ ಶಿಬಿರ" ಅಂತ ಈ ತುದಿಯಿಂದ ಆ ತುದಿಗೆ ದೊಡ್ಡದಾಗಿ ಬರೆದಿದ್ದೆ. 1080ರ ಚೌಕ 3:4ರ ಮನೆಗೆ ಹೋದಾಗ ನಡುವಿನ 810 ಉಳಿಯುತ್ತದೆ, ಒಂದೊಂದು ಕಡೆ 135 ಹೋಗುತ್ತದೆ. ಗ್ರಿಡ್‌ನಲ್ಲಿ ಅದು "ಕ್ತದಾನ ಶಿಬಿ" ಆಯಿತು. ಇದಕ್ಕೆ ನಾಲ್ಕೂ ದಾರಿ ಪ್ರಯತ್ನಿಸಿದೆ. ಮೇಲೆ ಕೆಳಗೆ ಅದೇ ಬಣ್ಣದ ಅಂಚು ಸೇರಿಸಿ 3:4 ಮಾಡಿದಾಗ ಶೀರ್ಷಿಕೆ ಉಳಿಯಿತು. ಎಐ ಅಂತೂ ಅಂಚಿನಲ್ಲಿ ಯಾವ ಭಾಷೆಯೂ ಅಲ್ಲದ ಅಕ್ಷರ ಬರೆಯಿತು. ಆದರೆ ಅಕ್ಷರ ಇರೋ ಚಿತ್ರಕ್ಕೆ ಸರಿಯಾದ ದಾರಿ ಮೊದಲೇ 1080ಕ್ಕೆ 1440ರಲ್ಲಿ ಮಾಡೋದು. ಮುಖ್ಯವಾದ ಮಾತುಗಳನ್ನೆಲ್ಲ ನಡುವೆ ಇಡೋದು. ಕನ್ನಡಕ್ಕೆ ಇದು ಇನ್ನೂ ಮುಖ್ಯ. ನಮ್ಮ ಅಕ್ಷರಕ್ಕೆ ಒತ್ತು ಕೆಳಗೆ ನೇತಾಡುತ್ತದೆ. ಕೆಳಗಿನಿಂದ ಒಂದು ಎಳೆ ಕತ್ತರಿಸಿದರೂ ಮೊದಲು ಹೋಗೋದು ಅದೇ. "ಅಪ್ಪ" ಅಂತ ಬರೆದದ್ದು "ಅಪ" ಆಗುತ್ತದೆ. ಕೊನೆಯ ಸಾಲಿನ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಡಿ. ಸೇವ್ ಮಾಡುವಾಗ ಅಕ್ಷರದ ಚಿತ್ರಕ್ಕೆ ಪಿಎನ್‌ಜಿ, ಫೋಟೋಗೆ ಜೆಪೆಗ್.

ಬೇರೆ ತಾಣಗಳಲ್ಲೂ ಹಾಕಿ ನೋಡಿದೆ. ಸ್ಟೋರಿಗೆ 9:16, ಅಂದರೆ 1080ಕ್ಕೆ 1920. ಮೇಲೆ ಹೆಸರು, ಕೆಳಗೆ ಉತ್ತರ ಬರೆಯೋ ಪಟ್ಟಿ ಬರುವುದರಿಂದ ಎರಡೂ ಕಡೆ ಸುಮಾರು 250 ಪಿಕ್ಸೆಲ್ ಖಾಲಿ ಬಿಡಬೇಕು. ಯೂಟ್ಯೂಬ್ ಥಂಬ್‌ನೇಲ್ 1280ಕ್ಕೆ 720. ಅಲ್ಲಿ ಕ್ರಾಪ್ ಕಾಟ ಇಲ್ಲ, ಆದರೆ ಬಲಗಡೆ ಕೆಳಗಿನ ಮೂಲೆಯ ಮೇಲೆ ವಿಡಿಯೋದ ಅವಧಿ ಬಂದು ಕೂರುತ್ತದೆ. ಆ ಮೂಲೆಯಲ್ಲಿ ಏನೂ ಬರೆಯಬೇಡಿ. ಡಿಪಿಗಳು ದುಂಡಗೆ ಕಾಣುತ್ತವೆ. ಚೌಕದ ಒಳಗಿನ ವೃತ್ತದಲ್ಲಿ ಸುಮಾರು ನೂರಕ್ಕೆ 78 ಪಾಲು ಮಾತ್ರ ಉಳಿಯುತ್ತದೆ, ನಾಲ್ಕೂ ಮೂಲೆ ಹೋಗುತ್ತದೆ.

ಈಗಿನ ಎಕ್ಸ್, ಆಗಿನ ಟ್ವಿಟರ್‌ನಲ್ಲಿ ಎಲ್ಲಿ ಕತ್ತರಿಸಬೇಕು ಅಂತ ಯಂತ್ರವೇ ಆರಿಸುತ್ತಿತ್ತು. 2020ರಲ್ಲಿ ಜನ ಪರೀಕ್ಷೆ ಮಾಡಿ ತೋರಿಸಿದರು: ಉದ್ದ ಚಿತ್ರದಲ್ಲಿ ಇಬ್ಬರ ಮುಖ ಇದ್ದರೆ ಅದು ಕಪ್ಪು ಬಣ್ಣದವರನ್ನು ಬಿಟ್ಟು ಬಿಳಿ ಬಣ್ಣದವರನ್ನು ತೋರಿಸುತ್ತಿದೆ ಅಂತ. ಕಂಪನಿ ತಾನೂ ಪರೀಕ್ಷಿಸಿತು. ಬಿಳಿಯರ ಕಡೆ ಸ್ವಲ್ಪ ವಾಲಿರೋದು ಅಲ್ಲೂ ಕಂಡಿತು. ಎಲ್ಲಿ ಕತ್ತರಿಸಬೇಕು ಅನ್ನೋದು ಜನರೇ ತೀರ್ಮಾನಿಸಬೇಕಾದ ವಿಷಯ ಅಂತ 2021ರಲ್ಲಿ ಒಪ್ಪಿಕೊಂಡಿತು. ಸಾಮಾನ್ಯ ಅಳತೆಯ ಒಂಟಿ ಫೋಟೋಗಳನ್ನು ಪೂರ್ತಿ ತೋರಿಸಲು ಶುರು ಮಾಡಿತು. ಈಗಲೂ ಒಂದೇ ಪೋಸ್ಟ್‌ನಲ್ಲಿ ಎರಡು ಮೂರು ಫೋಟೋ ಹಾಕಿದರೆ ಕತ್ತರಿ ಬೀಳುತ್ತದೆ. ಗುಂಪಿನ ಫೋಟೋವನ್ನು ಒಂಟಿಯಾಗೇ ಹಾಕಿ.

ಗೋಡೆ ಬಣ್ಣದ ಅಂಚಿನ ಫೋಟೋವನ್ನು ಹಳೆಯದರ ಜಾಗಕ್ಕೆ ಹಾಕಿದ ಮೇಲೆ ಅಕ್ಕ ಅದನ್ನೇ ತನ್ನ ಫೇಸ್‌ಬುಕ್ ಕವರ್‌ಗೆ ಕೇಳಿದಳು. ಕವರ್ ಕಂಪ್ಯೂಟರ್‌ನಲ್ಲಿ 820ಕ್ಕೆ 312, ಫೋನಿನಲ್ಲಿ 640ಕ್ಕೆ 360. ಅಂದರೆ 820ಕ್ಕೆ 360ರ ಚಿತ್ರ ಮಾಡಿದರೆ ಫೋನಿನಲ್ಲಿ ಒಂದೊಂದು ಪಕ್ಕ 90 ಪಿಕ್ಸೆಲ್ ಹೋಗುತ್ತದೆ, ಕಂಪ್ಯೂಟರ್‌ನಲ್ಲಿ ಮೇಲೆ ಕೆಳಗೆ 24. ಹಾಗೇ ಬಿಟ್ಟಿದ್ದರೆ ಮತ್ತೆ ಅಕ್ಕ ಮತ್ತು ಪುಟ್ಟನೇ ಹೋಗುತ್ತಿದ್ದರು. ಪೂರ್ತಿ ಸಾಲನ್ನು ನಡುವಿನ 640ರ ಒಳಗೆ ಕೂರಿಸಿದೆ. ಎತ್ತರ ಸಾಲಲಿಲ್ಲ, ಮಂಡಿಯ ಕೆಳಗಿನದನ್ನು ಬಿಟ್ಟೆ. ಎರಡೂ ಪಕ್ಕ 90 ಪಿಕ್ಸೆಲ್ ಅದೇ ತಿಳಿ ಹಳದಿ ಬಣ್ಣ ತುಂಬಿದೆ. ಅವಳ ಫೋನಿನಲ್ಲಿ ತೆರೆದು ಎಣಿಸಿದೆವು. ಹನ್ನೊಂದು.